ಬಿಚ್ಚಬಾರದ ಹಗ್ಗ

ಕಬ್ಬಿಣದ ಶೆಡ್ಡು ನಿಲ್ಲಿಸುವ ಮೇಸ್ತ್ರಿಗೆ ಕಬ್ಬಿಣದಿಂದ ತೊಂದರೆ ಕಮ್ಮಿ. ಅದು ಹೇಳಿದ ಹಾಗೆ ಕೇಳುತ್ತದೆ. ಜನರ ತಲೆಗೆ ಮಾತ್ರ ಯಾವ ಬೋಲ್ಟೂ ಕೂರುವುದಿಲ್ಲ. ಮದ್ರಾಸ್ ಸರಕಾರದ ಕಾಲದಲ್ಲಿ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಪಟ್ಟ ಪಾಡು ಕೇಳ್ರಿ.

೧. ಕತ್ತರಿ ಬ್ಯಾಡ

ಗಿರಣಿ ಸಾವುಕಾರರಿಗೆ ಭತ್ತದ ಬಂಡಿ ಒಳಗೆ ಬರಲು ನಾಲ್ಕೂ ಕಡೆ ತೆರೆದ ಶೆಡ್ಡು ಬೇಕಿತ್ತು. ಕಂಬಗಳ ನಡುವೆ ಕತ್ತರಿಯ ಹಾಗೆ ಸಲಾಕಿ ಹಾಕಿದರೆ ಗಾಳಿಗೆ ಓಲಾಡುವುದಿಲ್ಲ ಎಂದೆ.

"ಕತ್ತರಿ ಹಾಕಿದ್ರ ಬಂಡಿ ಎಲ್ಲಿಂದ ಬರ್ಬೇಕ್ರಿ? ಮ್ಯಾಲಿಂದ ಇಳಸಬೇಕೇನು?"

ಸರಿ, ಕತ್ತರಿ ಬಿಟ್ಟೆ. ಕಂಬದ ಬುಡವನ್ನು ಅಡಿಪಾಯಕ್ಕೆ ಬಿಗಿದು, ಕಂಬವೂ ತೊಲೆಯೂ ಕೂಡುವ ಮೂಲೆಗೆ ಓರೆ ತುಂಡು ಕೊಟ್ಟು ರಿವೆಟ್ ಹೊಡೆಸಿದೆ. ಮೂಲೆ ಅಲುಗದಿದ್ದರೆ ಶೆಡ್ಡೂ ಅಲುಗುವುದಿಲ್ಲ ಎಂದು ವಿವರಿಸಿದೆ. ಸಾವುಕಾರರು ಕತ್ತು ನೋಯುವ ತನಕ ಮೇಲೆ ನೋಡಿ ಕೇಳಿದರು: "ಅದೆಲ್ಲಾ ಖರೇರಿ. ಆದ್ರ ಹಿಡಕೊಂಡಿರೋದು ಯಾರು?"

೨. ಹಗ್ಗದ ಭಕ್ತಿ

ಕೆಲಸ ಮುಗಿಯುವ ತನಕ ಕಂಬಗಳಿಗೆ ಸುತ್ತಲೂ ಹಗ್ಗ ಎಳೆದು ಗೂಟಕ್ಕೆ ಕಟ್ಟಿದ್ದೆವು. ಕೊನೆಯ ರಿವೆಟ್ ಆದ ಮೇಲೆ ಬಿಚ್ಚಲು ಹೋದರೆ ಸಾವುಕಾರರು ಗೂಟವನ್ನೇ ತಬ್ಬಿಕೊಂಡರು.

"ಬಿಚ್ಚಬ್ಯಾಡ್ರೀ! ಬಿದ್ದು ಹೊಕ್ಕೈತಿ!"

"ಹಗ್ಗ ಇದ್ರ ಬಂಡಿ ಒಳಗ ಬರಂಗಿಲ್ರಿ, ಸಾವ್ಕಾರ್ರ."

ಅಯ್ಯೋ ಶಿವನೇ! ಹೊಸಪೇಟೆಯ ನಮ್ಮ ಗುತ್ತಿಗೆದಾರರು ಮೊದಲೇ ಹೇಳಿದ್ದರು: "ಸುಗ್ಗಿ ಬಂಡಿ ಒಳಗ ಹೋಗ್ಲಿಲ್ಲಂದ್ರ ನೀ ಬ್ಯಾರೆ ಕೆಲಸ ನೋಡ್ಕೋ." ಬಂಡಿಗಳಾಗಲೇ ರಸ್ತೆಯಲ್ಲಿ ಸಾಲುಗಟ್ಟಿದ್ದವು. ಹಗ್ಗದ ಮೇಲೆ ಸಾವುಕಾರರ ಮನೆಯ ಸೀರೆಗಳು ಒಣಗುತ್ತಿದ್ದವು. ನಾನು ಸಾವುಕಾರರಿಗೆ ಬಂಡಿಗಳ ಸಾಲು ತೋರಿಸಿದೆ.

ಸಾವುಕಾರರು ಸಮಾಧಾನ ಹೇಳಿದರು: "ಬಂಡಿ ಬರದಿದ್ರ ಬ್ಯಾಡ ಬಿಡ್ರಿ. ಶೆಡ್ಡು ಉಳೀಲಿ."

೩. ಬೀಗರ ಮರ್ಯಾದೆ

ಅಂಗಲಾಚಿದ ಮೇಲೆ "ನಾಳೆ ಬಿಚ್ರಿ" ಎಂದರು. ಮರುದಿನ ಸಂಡೂರಿನಿಂದ ಅವರ ಬೀಗರು, ಅಂದರೆ ಮಗಳ ಮಾವ, ಬಂದಿಳಿದರು. ಹೊಸ ಶೆಡ್ಡಿನಲ್ಲಿ ಮೊದಲು ಬೀಗರ ಪಾದವೇ ಬೀಳಬೇಕಂತೆ! ನಟ್ಟನಡುವೆ ಕುರ್ಚಿ ಹಾಕಿಸಿ, ಎಲೆಯಡಿಕೆ ಕೊಟ್ಟು ಕೂರಿಸಿದರು. ಇದೇನಪ್ಪಾ, ಹಗ್ಗ ಬಿಚ್ಚಲು ಬೀಗರು ಯಾಕೆ ಎಂದು ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಸಾವುಕಾರರು ದೂರದ ಬೇವಿನ ಮರದಡಿ ಹೋಗಿ ನಿಂತು ನನಗೆ ಕೈಸನ್ನೆ ಮಾಡಿದರು: ಹೂಂ, ಬಿಚ್ಚು!

ಬೀಗರು ಕೂಗಿದರು: "ಅಷ್ಟು ದೂರ ಯಾಕ್ರಿ? ನೀವೂ ಬರ್ರಿ, ಕುಂದ್ರಿ."

"ಛೇ ಛೇ! ನಿಮ್ಮ ಸಮಕ್ಕ ನಾವು ಕುಂದ್ರಾದಾ?"

ಹಗ್ಗಗಳು ಬಿದ್ದವು. ಹೊಳೆ ಕಡೆಯಿಂದ ಗಾಳಿ ಬೀಸಿ ತಗಡು ಗಡಗಡ ಅಂದಿತು. ಕಂಬ ಕದಲಲಿಲ್ಲ. ಬೀಗರೂ ಕದಲಲಿಲ್ಲ. ಮೊದಲ ಬಂಡಿ ಒಳಗೆ ಬಂದಾಗ, ಸದ್ಯ ಕೆಲಸ ಉಳಿಯಿತು ಎಂದು ನನಗೆ ಅಳುವೇ ಬಂತು.

ಈಗ ಸಾವುಕಾರರು ಓಡೋಡಿ ಬಂದರು. "ಹೆಂಗೈತ್ರಿ ಬೀಗರ, ಶೆಡ್ಡು?"

ಬೀಗರು ಸಾವಕಾಶವಾಗಿ ಎದ್ದು ಧೋತರ ಕೊಡವಿದರು. "ಮಸ್ತ್ ಐತ್ರಿ. ನಮ್ಮೂರಾಗೂ ಇಂಥದ್ದೊಂದು ಕಟ್ಟಸ್ತೀನಿ. ಹಗ್ಗ ಬಿಚ್ಚೋ ದಿನ ಹೇಳಿ ಕಳಸ್ತೀನಿ, ತಪ್ಪದ ಬರ್ರಿ. ನಟ್ಟನಡುವ ಕುರ್ಚಿ ಹಾಕ್ಸಿರ್ತೀನಿ."