ಗಿಟಾರಿಗೊಂದು ಕೋಟಿನ ಗುಂಡಿ

ಮನುಷ್ಯನಿಗೆ ಕಿರುಬೆರಳು ಯಾಕಾದರೂ ಬೇಕು ಎಂಬ ಪ್ರಶ್ನೆ ಗುಂಡಿ ಸಾಹುಕಾರರನ್ನು ಆರು ತಿಂಗಳಿಂದ ಕಾಡುತ್ತಿತ್ತು. ಅಂಗಿಗುಂಡಿ ಎಣಿಸಲು ಅದು ಬೇಡ, ದಾರ ಕತ್ತರಿಸಲು ಬೇಡ. ಅಂಗಡಿಯಲ್ಲಿ ಹಗಲೆಲ್ಲ ಪಿಂಚಣಿದಾರನ ಹಾಗೆ ಬಿದ್ದುಕೊಂಡಿರುತ್ತಿತ್ತು. ಆದರೆ ಸಂಜೆ ಸಾಹುಕಾರರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತರೋ, ಎಲ್ಲಿಲ್ಲದ ಹುರುಪು ಬಂದು ತಂತಿಗಳ ಪಕ್ಕದಲ್ಲೇ ಇದ್ದ ವಾಲ್ಯೂಮಿನ ತಿರುಪಿಗೆ ಡಿಕ್ಕಿ ಹೊಡೆಯುತ್ತಿತ್ತು. ತಿರುಪು ಹಿಂದಕ್ಕೆ ತಿರುಗುತ್ತಿತ್ತು. ಸದ್ದು ಬಾವಿಗೆ ಬಿದ್ದ ಕೊಡದಂತೆ ಗುಳುಗುಳು ಎಂದು ಮುಳುಗುತ್ತಿತ್ತು.

(ಸಾಹುಕಾರರು ಎಂದೊಡನೆ ದೊಡ್ಡ ಬಂಗಲೆ ಊಹಿಸಿಕೊಳ್ಳಬೇಡಿ. ಹತ್ತಡಿ ಅಗಲದ ಗುಂಡಿ ಅಂಗಡಿ. ಬಿರುದು ಬೀದಿಯವರು ಬಿಟ್ಟಿಯಾಗಿ ಕೊಟ್ಟಿದ್ದು. ಬಿಟ್ಟಿ ಎಂಬ ಕಾರಣಕ್ಕೇ ಅವರು ಸ್ವೀಕರಿಸಿದ್ದು.)

ಐವತ್ತೆಂಟನೆಯ ವಯಸ್ಸಿನಲ್ಲಿ ಈ ವಾದ್ಯವಿಲಾಸ ಯಾಕೆಂದರೆ, ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಊರು ಬಿಟ್ಟಿದ್ದ. ಇಪ್ಪತ್ತೆರಡು ವರ್ಷ ಸಂಜೆಯ ಹರಟೆಗೆ ಇದ್ದವನು ಅವನೊಬ್ಬನೇ. ಅವನು ಹೋದಮೇಲೆ ಸಾಹುಕಾರರು ನೇರ ಮನೆಗೆ ಬರತೊಡಗಿದರು. ಮನೆಯಲ್ಲಿ ಹೆಂಡತಿ, ಅವಳ ಹೊಲಿಗೆ ಯಂತ್ರ. ಎರಡರಲ್ಲಿ ಯಂತ್ರವೇ ಹೆಚ್ಚು ಮಾತಾಡುತ್ತಿತ್ತು. "ಊಟಕ್ಕೆ ಬನ್ನಿ" ಮತ್ತು "ಬಾಗಿಲು ಹಾಕಿದ್ರಾ" ಎಂಬೆರಡು ವಾಕ್ಯಗಳ ನಡುವೆ ಮೂರು ತಾಸು ಮೌನ. ಮುಚ್ಚಿಹೋಗುತ್ತಿದ್ದ ವಾದ್ಯದಂಗಡಿಯೊಂದರಲ್ಲಿ ಗಿಟಾರು ಕಂಡಾಗ, ಕೇಳುವವರಿಲ್ಲದಿದ್ದರೂ ಸದ್ದಾದರೂ ಇರಲಿ ಎಂದು ಹೊತ್ತು ತಂದಿದ್ದರು. ಜೊತೆಗೆ ಬಂದ ಸ್ಪೀಕರ್ ಪೆಟ್ಟಿಗೆಯ ಸ್ವಂತ ತಿರುಪು ಮುರಿದುಹೋಗಿತ್ತು. ಅದು ಗಿಟಾರು ಹೇಳಿದ್ದನ್ನು ನಂಬಿಕಸ್ಥ ಗುಮಾಸ್ತನಂತೆ ಹಾಗೆಯೇ ಕೂಗುತ್ತಿತ್ತು.

ನುಡಿಸಬೇಕೆಂದಿದ್ದುದು ಒಂದೇ ಒಂದು ರಾಗ. ಮೂವತ್ತು ವರ್ಷದ ಹಿಂದೆ ದರ್ಜಿ ಹುಡುಗಿಯೊಬ್ಬಳು ಕೋಟಿಗೆ ಹನ್ನೊಂದು ಗುಂಡಿ ಕೊಳ್ಳಲು ಬಂದು, ಆರಿಸುವಾಗ ಮೂಗಿನಲ್ಲೇ ಗುನುಗಿದ್ದ ರಾಗ. ಆ ಹುಡುಗಿಯೇ ಈಗ ಒಳಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದಳು. ಗುನುಗುವುದು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಿಲ್ಲ. ಒಂದು ಸಲ, ಒಂದೇ ಸಲ, ಅದನ್ನು ಮೊದಲಿಂದ ಕೊನೆಯವರೆಗೆ ನುಡಿಸಿದರೆ ಅವಳು ಎದ್ದು ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ ಎಂಬುದು ಸಾಹುಕಾರರ ಲೆಕ್ಕಾಚಾರ. ಆದರೆ ಒಂಬತ್ತನೆಯ ಸ್ವರಕ್ಕೆ ಸರಿಯಾಗಿ ಕಿರುಬೆರಳು ಡಿಕ್ಕಿ, ಸದ್ದು ಗುಳುಂ, ಒಳಕೋಣೆಯ ಬಾಗಿಲು ದಡಾರ್. ಕುರ್ಚಿ ಖಾಲಿ.

ಸಾಲದ್ದಕ್ಕೆ, ರಾತ್ರಿ ಎಂಟನೆಯ ಅಂಕಿಗೆ ಇಟ್ಟಿದ್ದ ವಾಲ್ಯೂಮು ಮರುಸಂಜೆ ನೋಡಿದರೆ ಎರಡಕ್ಕೆ ಇಳಿದಿರುತ್ತಿತ್ತು. ಧೂಳು ಒರೆಸುವಾಗ ತಿರುಗಿರಬೇಕು ಎಂದುಕೊಂಡರು. ಆ ತಿರುಪಿಗೆ ಬುದ್ಧಿ ಕಲಿಸಲೇಬೇಕೆಂದು ಭಾನುವಾರ ಗಿಟಾರನ್ನು ರೇಡಿಯೋ ಮೆಕ್ಯಾನಿಕ್ಕನ ಮೇಜಿನ ಮೇಲೆ ಮಲಗಿಸಿದರು.

"ನೋಡಪ್ಪಾ, ಮೂರು ತಿರುಪು ಇವೆ. ಒಂದು ವಾಲ್ಯೂಮು, ಎರಡು ಟೋನು. ಟೋನು ಒಂದು ಸಾಕು, ತುದೀದು ತೆಗಿ. ವಾಲ್ಯೂಮನ್ನ ಕಿತ್ತು ತುದೀಲಿರೋ ತೂತಿಗೆ ಹಾಕು. ನನ್ನ ಕೈಗೆ ಎಟುಕಲೇಬಾರದು."

"ವಾಲ್ಯೂಮು ಕೈಗೆ ಎಟುಕಬಾರದಾ! ಬೆರಳಿಗೆ ಸಿಗ್ಲಿ ಅಂತಾನೇ ಅಲ್ಲಿ ಇಟ್ಟಿರ್ತಾರೆ ಸ್ವಾಮೀ. ಗೊತ್ತಿರೋರು ನುಡಿಸ್ತಾ ನುಡಿಸ್ತಾನೇ ಕಿರುಬೆರಳಲ್ಲಿ ತಿರುಗಿಸಿ ಸದ್ದು ಉಬ್ಬಿಸ್ತಾರೆ, ಇಳಿಸ್ತಾರೆ."

"ಗೊತ್ತಿರೋರು ನಮ್ಮನೇಲಿ ಯಾರೂ ಇಲ್ಲ. ಆಮೇಲೆ, ಅದರ ಕೆಳಗೆ ಒಂದು ರಬ್ಬರ್ ಬಳೆ ಕೂರಿಸಿ ಬಿಗಿ ಮಾಡು. ಆನೆ ಬಂದು ಒರಗಿದ್ರೂ ತಿರುಗಬಾರದು."

"ಬಿಗೀನೇ ಬೇಕಂದ್ರೆ ಅದನ್ನೇ ಅಂಟು ಹಾಕಿ ಅಂಟಿಸಿಬಿಡ್ಲಾ?"

"ವ್ಯಾಪಾರಸ್ಥನ ಹತ್ರ ಕುಹಕ ಬೇಡ. ಹೇಳಿದ್ದು ಮಾಡು."

ಮೆಕ್ಯಾನಿಕ್ ಮುಖಫಲಕ ಬಿಚ್ಚಿ, ತಂತಿ ಬೆಸೆದು, ವಾಲ್ಯೂಮನ್ನು ದೂರದ ತುದಿಗೆ ಗಡೀಪಾರು ಮಾಡಿದ. ಹಳೆಯ ಜಾಗದ ತೂತು ಬಾಯಿ ಬಿಟ್ಟುಕೊಂಡಿತು. ಸಾಹುಕಾರರು ಸಣ್ಣ ಪರ್ಸಿನಿಂದ ಕಂದು ಬಣ್ಣದ, ನಾಲ್ಕು ಕಣ್ಣಿನ, ಅಂಚು ಚೂರು ಮುಕ್ಕಾದ ಕೋಟಿನ ಗುಂಡಿಯೊಂದನ್ನು ತೆಗೆದು, ಒಂದು ಗಳಿಗೆ ಅಂಗೈಯಲ್ಲಿ ನೋಡಿ, ತೂತಿನ ಮೇಲೆ ಅಂಟಿಸಿದರು. ಅಳತೆ ಕರಾರುವಾಕ್ಕು! ಆ ಸಂಜೆಯೇ ನುಡಿಸಬಹುದಿತ್ತು. ಆದರೆ ಹೆಂಡತಿ ತಲೆನೋವೆಂದು ಬೇಗ ಮಲಗಿದ್ದಳು. ಬಿಗಿಯಾದ ತಿರುಪನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಕ್ಕೆ ಏರಿಸಿಟ್ಟು, ನಾಳೆ ನೋಡು ನನ್ನ ಪ್ರತಾಪ ಎಂದು ಖಾಲಿ ಕುರ್ಚಿಗೆ ಹೇಳಿ ಅವರೂ ಮಲಗಿದರು.

ಮರುದಿನ ಹನ್ನೊಂದು ಗಂಟೆಗೆ ಕನ್ನಡಕ ಮರೆತದ್ದು ನೆನಪಾಗಿ ಮನೆಯತ್ತ ಬಂದರೆ, ತಮ್ಮ ಬೀದಿಯ ತಿರುವಿನಲ್ಲೇ ಕಾಲು ನಿಂತುಬಿಟ್ಟಿತು. ರಾಗ! ಅದೇ ರಾಗ! ಎದುರುಮನೆಯ ಕಿಟಕಿ ಗಾಜು ನಡುಗುವಂತೆ, ಒಂದು ತಪ್ಪಿಲ್ಲದೆ, ನೀರು ಹರಿದ ಹಾಗೆ ಬರುತ್ತಿತ್ತು. ಓಡಿಬಂದು ತಮ್ಮ ಮನೆಯ ಕಿಟಕಿಯಲ್ಲಿ ಇಣುಕಿದರು.

ಹೆಂಡತಿ. ಎದುರಿನ ಕುರ್ಚಿಯಲ್ಲೇ, ಆರು ತಿಂಗಳಿಂದ ಖಾಲಿ ಎಂದು ಅವರು ಕೊರಗಿದ್ದ ಕುರ್ಚಿಯಲ್ಲೇ, ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಬ್ಬರಕ್ಕೆ ಅವಳೇ ಹೆದರಿ ಕಣ್ಣು ಅಗಲಿಸಿದ್ದಳು. ಒಂಬತ್ತನೆಯ ಸ್ವರ ಬಂದಿತು. ಅವಳ ಕಿರುಬೆರಳು ಅಭ್ಯಾಸಬಲದಿಂದ ಹಳೆಯ ಜಾಗಕ್ಕೆ ಹೋಗಿ ಕೋಟಿನ ಗುಂಡಿಯನ್ನು ತಿರುವಿತು. ಗುಂಡಿ ಅಲುಗಲಿಲ್ಲ. ಮತ್ತೆ ತಿರುವಿತು. ಸಾಹುಕಾರರ ಕಣ್ಣು ಯಾಕೋ ಮಂಜಾಯಿತು. (ಕನ್ನಡಕ ಇರಲಿಲ್ಲವಲ್ಲ, ಅದಕ್ಕೇ ಇರಬೇಕು.)

ಒಳಗೆ ಬಂದರು. ಅವಳು ಬೆಚ್ಚಲಿಲ್ಲ, ರೇಗಿದಳು.

"ಯಾವ ಪುಣ್ಯಾತ್ಮನ ಕೆಲಸ ಇದು? ಮೆತ್ತಗೆ ಯಾರಿಗೂ ಕೇಳಿಸದ ಹಾಗೆ ನುಡಿಸ್ಕೋತಿದ್ದೆ. ಇವತ್ತು ಇಡೀ ಬೀದಿಗೆ ಡಂಗುರ ಆಯ್ತು!"

"ನೀನು... ಯಾವಾಗಿಂದ?"

"ಆರು ತಿಂಗಳಿಂದ. ದಿನಾ ಸಂಜೆ ಆ ರಾಗದ ಕತ್ತು ಹಿಸುಕ್ತಿದ್ರಿ, ಕೇಳಕ್ಕಾಗ್ದೆ ಬಾಗಿಲು ಹಾಕ್ಕೋತಿದ್ದೆ. ಹಗಲು ಒಬ್ಳೇ ಕೂತು ಸರಿಮಾಡ್ಕೋತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಸಾಹುಕಾರರು ಮೇಜಿನ ಮೇಲೆ ಕನ್ನಡಕ ಹುಡುಕತೊಡಗಿದರು. ಅಷ್ಟರಲ್ಲಿ ಅವಳು ಗಿಟಾರನ್ನು ಬೆಳಕಿಗೆ ಹಿಡಿದಳು. ದರ್ಜಿಯ ಕಣ್ಣು, ಗುಂಡಿ ಮರೆಯುವುದಿಲ್ಲ.

"ಇದು... ಮೂವತ್ತು ವರ್ಷದ ಹಿಂದಿನ ಆ ಕೋಟಿಂದು. ಹನ್ನೊಂದು ಕೇಳಿದ್ರೆ ಹತ್ತು ಕೊಟ್ಟು, ಒಂದು ಸ್ಟಾಕ್ ಇಲ್ಲ, ನಾಳೆ ಬಾ, ನಾಡಿದ್ದು ಬಾ ಅಂತ ಆರು ದಿನ ಅಲೆಸಿದ್ರಲ್ಲ! ಕೊನೆಗೆ ಬೇರೆ ಗುಂಡಿ ಹಾಕಿ ಆ ಗಿರಾಕಿ ಹತ್ರ ಹೇಗೆಲ್ಲಾ ಬೈಸ್ಕೊಂಡೆ ಗೊತ್ತಾ? ಇದು ನಿಮ್ಮ ಹತ್ರಾನೇ ಇತ್ತಾ?"

ಮೂವತ್ತು ವರ್ಷ ಮುಚ್ಚಿಟ್ಟ ವ್ಯಾಪಾರ ಬಯಲಾಗಿತ್ತು. ಸಾಹುಕಾರರು ತಲೆ ಕೆರೆದುಕೊಂಡರು. "ಕೊಟ್ಟುಬಿಟ್ಟಿದ್ರೆ ನೀನು ಮತ್ತೆ ಬರ್ತಿದ್ಯಾ?"

ಅವಳು ಹೆಬ್ಬೆರಳಿನಿಂದ ಗುಂಡಿಯ ಮುಕ್ಕಾದ ಅಂಚನ್ನು ಸವರಿದಳು. ಆಮೇಲೆ ಕಾಲಿನಿಂದ ಸ್ಟೂಲೊಂದನ್ನು ಪಕ್ಕಕ್ಕೆ ತಳ್ಳಿದಳು. "ಕೂತ್ಕೊಳ್ಳಿ. ಈ ದರಿದ್ರ ತಿರುಪು ನನ್ನ ಕೈಲಿ ಅಲ್ಲಾಡಲ್ಲ. ನಾನು ತಲೆ ಆಡಿಸಿದಾಗ ನೀವು ತಿರುಗಿಸಿ."

ಅಂದಿನಿಂದ ಸಂಜೆಯ ಕಛೇರಿ ಹೀಗೆ: ಕುರ್ಚಿಯಲ್ಲಿ ವಿದುಷಿ, ಸ್ಟೂಲಿನ ಮೇಲೆ ಎರಡೂ ಕೈಯಲ್ಲಿ ತಿರುಪು ಹಿಡಿದು ಬೆವರುವ ಸಾಹುಕಾರರು. "ಏರಿಸಿ... ಸಾಕು... ಸಾಕು ಅಂದ್ರೆ ಸಾಕು! ಕಿವಿ ಎಲ್ಲಿಟ್ಟಿದ್ದೀರಿ?" ಗಿಟಾರು ಮುಟ್ಟಲು ಅವರಿಗೆ ಈಗ ಅಷ್ಟೇ ಅಧಿಕಾರ.

ವಾರದ ಮೇಲೆ ಮೆಕ್ಯಾನಿಕ್ ಅಂಗಡಿಗೇ ಬಂದ. "ಅಮ್ಮಾವ್ರು ಹೇಳಿ ಕಳಿಸಿದ್ರು. ತಿರುಪು ಹಳೇ ಜಾಗಕ್ಕೆ ಹಾಕ್ಬೇಕಂತೆ, ಅರ್ಧ ಗಂಟೆ ಕೆಲಸ. ಈಗ್ಲೇ ಮಾಡ್ಲಾ?"

ಸಾಹುಕಾರರು ರಸ್ತೆಯ ಆ ಕಡೆ, ಈ ಕಡೆ ನೋಡಿ ದನಿ ತಗ್ಗಿಸಿದರು.

"ಯಾವುದೋ ಒಂದು ಬಿಡಿಭಾಗ ಸ್ಟಾಕ್ ಇಲ್ಲ ಅನ್ನು. ನಾಳೆ ಬಾ, ನಾಡಿದ್ದು ಬಾ ಅಂತ ಹೇಳ್ತಾ ಇರು."