ಗೇಟಿಗೆ ಬಿದ್ದ ಕಣ್ಣು

ಹಗ್ಗದ ತುದಿಯನ್ನು ಬಳಸಿ ತಂದು, ಎಳೆ ಬಿಡಿಸಿ, ಅದರ ಮೈಯೊಳಗೇ ಹೆಣೆದು ಸೇರಿಸಿದರೆ ಒಂದು ಕುಣಿಕೆಯಾಗುತ್ತದೆ. ಹಾಯಿದೋಣಿಯವರು ಅದನ್ನು ಕಣ್ಣು ಎನ್ನುತ್ತಾರೆ. ಗಂಟುಮೋರೆ ಆ ಬೆಳಿಗ್ಗೆ ಹೆಣೆದ ಕಣ್ಣು ಬಲು ಲಕ್ಷಣವಾಗಿತ್ತು. ಕೊರತೆ ಒಂದೇ: ಅದು ಬಾಡಿಗೆ ಮನೆಯ ಕಬ್ಬಿಣದ ಗೇಟಿನ ಸರಳನ್ನು ಒಳಗಿಟ್ಟುಕೊಂಡೇ ಮುಚ್ಚಿಕೊಂಡಿತ್ತು.

ಮೂವತ್ತು ವರ್ಷ ಗಂಟೇ ಇಲ್ಲದೆ ಹಗ್ಗ ಕೂಡಿಸಿದವನು ಆತ. ಹಗ್ಗಕ್ಕೆ ಹಾಕದ ಗಂಟುಗಳೆಲ್ಲ ಮುಖದ ಮೇಲೆ ಬಂದು ಕೂತಿದ್ದರಿಂದ ಆ ಹೆಸರು. ಹಿಂದಿನ ದಿನ ದೋಣಿಗಳ ಧಣಿ ಕರೆದು ಹೇಳಿದ್ದ: "ಈಗೆಲ್ಲ ರೆಡಿಮೇಡ್ ಹಗ್ಗ ಬರುತ್ತೆ ಕಣಯ್ಯ. ನಾಳೆ ನಾಲ್ಕಕ್ಕೆ ದೊಡ್ಡ ಹಾಯಿಯ ಹಗ್ಗ ತಾ. ಅದನ್ನ ನೋಡಿ ನಿನ್ನ ಕೆಲಸದ ಮಾತು."

ಅದೇ ಚಿಂತೆಯಲ್ಲಿ, ಹಗ್ಗ ಬಿಗಿಯಾಗಿರಲೆಂದು ಸರಳಿಗೆ ಬಳಸಿಕೊಂಡು ಹೆಣೆಯುತ್ತಿದ್ದಾಗ ಪಕ್ಕದ ಮನೆಯ ಟೈಲರ್ ಬಂದ. "ಕೆಲ್ಸ ಹೋಗುತ್ತಂತಲ್ಲಣ್ಣ?" ಎಂದು ಸಂತಾಪಕ್ಕೆ ನಿಂತ. ಸಂತಾಪ ಮುಗಿಯುವಷ್ಟರಲ್ಲಿ ಕಣ್ಣೂ ಮುಗಿದಿತ್ತು.

"ಬಿಚ್ಚಿಬಿಡಿ," ಎಂದಳು ಹೆಂಡತಿ.

"ಬಿಚ್ಚಿದ್ರೆ ಎಳೆ ಸಾಯುತ್ತೆ, ಮತ್ತೆ ಹಿಡಿತ ಬರಲ್ಲ."

"ಕತ್ತರಿಸಿ ಮತ್ತೆ ಹೆಣೀರಿ."

"ಹಗ್ಗ ಒಂದು ಮೊಳ ಗಿಡ್ಡ ಆಗುತ್ತೆ. ಹಾಯಿ ಮೇಲಕ್ಕೇ ಹೋಗಲ್ಲ."

"ಗೇಟನ್ನೇ ಕತ್ತರಿಸಿದ್ರೆ?" ಎಂದ ಟೈಲರ್.

ಮಹಡಿಯಿಂದ ಮನೆಯೊಡತಿಯ ತಲೆ ಇಣುಕಿತು. "ಯಾರ ಗೇಟು ಯಾರು ಕತ್ತರಿಸೋದು? ನಮ್ಮತ್ತೆ ಕಾಲದ್ದು ಅದು! ಅವರೇ ಹೋದ್ರು, ಅದು ಹೋಗ್ಲಿಲ್ಲ!"

"ಸರಿ. ಹಗ್ಗಾನೂ ಕಡೀಬಾರ್ದು, ಗೇಟೂ ಮುರೀಬಾರ್ದು," ಟೈಲರ್ ಗಡ್ಡ ಕೆರೆದುಕೊಂಡ. "ಹಂಗಾದ್ರೆ ಎರಡೂ ಒಟ್ಟಿಗೇ ಹೋಗ್ಲಿ."

ತಾನೂ ಜೊತೆಗೆ ಬರುವ ಷರತ್ತಿನ ಮೇಲೆ ಒಡತಿ ಒಪ್ಪಿದಳು. ಮೂರೂವರೆಗೆ ಗೇಟನ್ನು ಕೀಲಿನಿಂದ ಎತ್ತಿ ಹೆಗಲಿಗೇರಿಸಿದರು. ಮುಂದೆ ಗಂಟುಮೋರೆ, ಹಿಂದೆ ಟೈಲರ್, ಪಕ್ಕದಲ್ಲಿ "ಬಣ್ಣ ಜೋಪಾನ!" ಎಂದು ಗೋಳಿಡುವ ಒಡತಿ. ಬೀದಿಯಲ್ಲಿ ಎದುರಾದ ಇಬ್ಬರು ಬದಿಗೆ ಸರಿದು, ಚಪ್ಪಲಿ ಕಳಚಿ ಕೈಮುಗಿದರು.

"ಇದೇನಯ್ಯ?" ಎಂದ ದಡದಲ್ಲಿ ಕಾಯುತ್ತಿದ್ದ ಧಣಿ.

ಗಂಟುಮೋರೆ ಗೇಟನ್ನು ನೆಲಕ್ಕಿಳಿಸಿದ. ಟೈಲರ್ ಬಾಯಿ ಹಾಕಿದ: "ಪರೀಕ್ಷೆಗೆ ಭಾರ ಬೇಕಲ್ಲ, ಧಣಿ. ಅಣ್ಣ ಮನೆಯಿಂದ್ಲೇ ತಂದಿದಾರೆ."

ಧಣಿಗೆ ಖುಷಿಯಾಯಿತು. ಹಗ್ಗವನ್ನು ದೋಣಿಯಲ್ಲಿ ಹಾಯಿ ಕಟ್ಟುವ ಕೂವೆಮರದ ರಾಟೆಗೆ ಹಾಕಿ ಎಳೆದರು. ಅತ್ತೆಯ ಕಾಲದ ಗೇಟು ಅತ್ತೆ ಹೋದ ಕಡೆಗೇ ಏರಿತು. ಸಾಲದೆಂದು ಇಬ್ಬರು ಆಳುಗಳು ಅದಕ್ಕೆ ಜೋತುಬಿದ್ದರು. ಕಣ್ಣು ಕೂದಲೆಳೆಯಷ್ಟೂ ಜಾರಲಿಲ್ಲ.

"ಭೇಷ್! ಎಷ್ಟು ವರ್ಷ ಬಾಳುತ್ತಯ್ಯ ಇದು?"

ಗಂಟುಮೋರೆಯ ಮುಖದಲ್ಲಿ ಒಂದು ಗಂಟು ಸಡಿಲಾಯಿತು. "ನಾನು ಹೋದ್ರೂ ಇದು ಹೋಗಲ್ಲ, ಧಣಿ."

"ಮಿಕ್ಕ ದೋಣಿಗಳ ಹಗ್ಗ?"

"ಎಲ್ಲಾ ನನ್ನ ಕೈಯವೇ. ಇಪ್ಪತ್ತು ವರ್ಷ ಯಾರೂ ಮುಟ್ಟೋ ಹಾಗೇ ಇಲ್ಲ."

"ಹಾಗಾದ್ರೆ," ಧಣಿ ಪ್ರೀತಿಯಿಂದಲೇ ಅವನ ಬೆನ್ನು ತಟ್ಟಿದ, "ಇಪ್ಪತ್ತು ವರ್ಷ ನಿನಗಿಲ್ಲಿ ಕೆಲಸವೇ ಇಲ್ಲವಲ್ಲಯ್ಯ! ನಾಳೆಯಿಂದ ಮನೇಲಿ ಆರಾಮಾಗಿರು." ಆಮೇಲೆ ಆಳುಗಳತ್ತ ತಿರುಗಿದ. "ಗರಗಸ ತನ್ರೋ. ಹಗ್ಗಕ್ಕೆ ತಾಗಿಸ್ಬೇಡಿ, ಗೇಟು ಕುಯ್ದು ಬಿಡಿಸಿ."

ಒಡತಿಯ ಕೂಗನ್ನು ಗರಗಸದ ಕೂಗು ನುಂಗಿತು.

ಸಂಜೆ, ಚಿಲಕವಿದ್ದ ಸರಳನ್ನು ಕಳೆದುಕೊಂಡ ಗೇಟು ಮುಚ್ಚಿ ನಿಲ್ಲಲಿಲ್ಲ. "ಕಂಬಕ್ಕಾದ್ರೂ ಕಟ್ಟಪ್ಪ," ಎಂದಳು ಒಡತಿ. ಗಂಟುಮೋರೆ ತುಂಡು ಹಗ್ಗ ತಂದು, ಹೆಣೆಯಲು ಎಳೆ ಬಿಡಿಸಿದವನು ಕೈ ನಿಲ್ಲಿಸಿದ. ಗಟ್ಟಿಯಾಗಿ ಮಾಡಿಕೊಟ್ಟವನನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಒಂದು ಗಂಟು ಹಾಕಿದ. ಬೇಕೆಂದೇ ಸಡಿಲವಾಗಿ ಹಾಕಿದ.

ಒಡತಿ ಬಂದು ಒಮ್ಮೆ ಎಳೆದು ನೋಡಿದಳು. ಗಂಟು ಬಿಚ್ಚಿಕೊಂಡು ಗೇಟು ಅಷ್ಟಗಲ ತೆರೆಯಿತು.

"ನೋಡಿದ್ರಾ," ಎಂದಳು ಟೈಲರ್ ಕಡೆ ತಿರುಗಿ, "ಒಂದು ಗಂಟು ನೆಟ್ಟಗೆ ಹಾಕೋಕೆ ಬರಲ್ಲ. ಸುಮ್‌ಸುಮ್ನೆ ಯಾರಾದ್ರೂ ಕೆಲಸದಿಂದ ತೆಗೀತಾರಾ?"