ಎತ್ತು ಒದರಿದ್ರ ಯವಾರ ಪಕ್ಕಾ

ಹಾವೇರಿ ದನದ ಪ್ಯಾಟ್ಯಾಗ ಎತ್ತಿನ ಧಾರಣಿ ಬಾಯಿಲೆ ಹೇಳೂ ಪದ್ಧತಿ ಇಲ್ಲ. ಟಾವೆಲ್ ಕೆಳಗ ಕೈಯಾಗ ಕೈ ಇಟ್ಟು ಬೆರಳು ಹಿಚಕೋದು, ಒಪ್ಪಿಗಿ ಆದ್ರ ತಲಿ ಅಲ್ಲಾಡಿಸೋದು, ಅಲ್ಲಿಗೆ ಯವಾರ ಮುಗೀತು. ನಾ ಅಂದಾನೆಪ್ಪ, ಅಲ್ಲಿ ದಲಾಲ. ಸಾಲಿ ಎರಡನೇತ್ತಕ್ಕ ಬಿಟ್ಟೇನಿ. ಆದ್ರ ನನ್ನ ಬೆರಳು ಮಾತಾಡಿದಂಗ ಮಾತಾಡೂ ವಕೀಲ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಇನ್ನೂ ಹುಟ್ಟಿಲ್ಲ. ಹೊಗಳಿಕೊಳ್ಳಾಕತ್ತಿಲ್ಲ, ಇದ್ದದ್ದು ಹೇಳಾಕತ್ತೇನಿ.

ಹಿಂಗಿರಬೇಕಾದ್ರ ಧ್ವನಿ ಪುರಾವೆ ಶಾಖೆ ಅಂತ ಒಂದು ಹೊಸ ಕಚೇರಿ ಆತು. ಅದಕ್ಕ ವೀರೇಂದ್ರ ಅಂತ ಸಾಹೇಬ್ರು ಬಂದ್ರು. ಚೊಲೋ ಮನಷ್ಯಾ, ಹಾದಿಗೆ ಅಡ್ಡ ನಿಂತ ಎತ್ತಿಗೂ "ಸರೀರಿ" ಅಂತಿದ್ರು. ಬಂದ ದಿನಾನ ಗೇಟಿಗೆ ಒಂದು ಕಾಗದ ಅಂಟಿಸಿ, ಓದಾಕ ಬರದವರಿಗಂತ ತಾವ ಓದಿ ಹೇಳಿದ್ರು:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಧ್ವನಿ ಪುರಾವೆ ಇಲ್ಲದ ಜಾನುವಾರು ವ್ಯವಹಾರವನ್ನು ನಡೆದೇ ಇಲ್ಲವೆಂದು ಪರಿಗಣಿಸಲಾಗುವುದು. ನಡೆಯದ ವ್ಯವಹಾರದ ಜಾನುವಾರು ಗೇಟು ದಾಟತಕ್ಕದ್ದಲ್ಲ. ಧ್ವನಿಯು ವ್ಯವಹಾರದಲ್ಲಿ ಭಾಗಿಯಾದವರದ್ದೇ ಆಗಿರತಕ್ಕದ್ದು."

ದನಿ ಹಿಡ್ಯಾಕ ಮಷೀನ ಬೇಕಲ್ಲ. ಸರ್ಕಾರದ ರೊಕ್ಕ ಉಳಸಬೇಕಂತ ಸಾಹೇಬ್ರು ಸೋವಿ ರೆಕಾರ್ಡರ ಮೂರು ತರಿಸಿದ್ರು. ಪರೀಕ್ಷಾ ಮಾಡಿ ಒಂದನ್ನ ಪಾಸ್ ಮಾಡೋದು. ಕರೇದು ಮೂರರಾಗ ತುಟ್ಟಿ. ಬಿಳೇದು ನಡುವಿನದು. ಕೆಂಪಂದು ಕಡ್ಡಿಪೆಟ್ಟಿಗಿಯಷ್ಟು, ಅಗ್ಗದಾಗ ಅಗ್ಗ.

ಮೊದಲ ಪರೀಕ್ಷಾಕ್ಕ ಸಿಕ್ಕದ್ದು ನನ್ನ ಯವಾರ. ಎತ್ತು ಐರಣಿ ಊರಿನ ಉಡಚವ್ವಂದು. ಕೊಳ್ಳಾಂವ ಮೇಡ್ಲೇರಿ ಮಾಲತೇಶಪ್ಪ. ಅವನ ಜೋಡ್ಯಾಗ ಒಂದು ಎತ್ತು ಸತ್ತಿತ್ತು. ಹಿಂದಿನ ದಿನ ಮಳಿ ಆಗಿ ಹೊಲ ಹದಕ್ಕ ಬಂದಿತ್ತು.

"ಕಾಕಾ, ಲಗೂನ ಮುಗಸು. ನಾಳಿ ಮುಂಜಾನೆ ಕೂರಿಗಿ ಹೂಡಲಿಲ್ಲಂದ್ರ ಹದ ಆರಿ ಹೋಗತೈತಿ" ಅಂದ.

ಟಾವೆಲ್ ಹಾಸಿ, ಬೆರಳು ಹಿಚುಕಿ, ಒಂದು ಬೀಡಿ ಸೇದೂದ್ರಾಗ ಮುಗಿಸಿದೆ. ಮೂರೂ ಮಷೀನ ಟಾವೆಲ್ ಮ್ಯಾಲ ಕುಂತಿದ್ವು. ಸಾಹೇಬ್ರು ಹಚ್ಚಿ ಕೇಳಿದ್ರು. ಎತ್ತು ಉಸಿರು ಬಿಟ್ಟದ್ದು ಐತಿ, ಉಡಚವ್ವ ಕೆಮ್ಮಿದ್ದು ಐತಿ. ಧಾರಣಿ ಇಲ್ಲ.

"ಯಜಮಾನ್ರ, ನೀವು ಏನೂ ಹೇಳಲೇ ಇಲ್ಲಲ್ಲರೀ?"

"ಎಲ್ಲಾ ಹೇಳೇನಿ ಸಾಹೇಬ್ರ. ನಿಮ್ಮ ಮಷೀನಕ್ಕ ಬೆರಳಿಲ್ಲ."

"ಒಂದ ಸಲ ಬಾಯಿಲೆ ಹೇಳಿಬಿಡ್ರಲ್ಲ."

"ಬಾಯಿಲೆ ಧಾರಣಿ ಹೇಳಾಂವ ದಲಾಲ ಅಲ್ಲರೀ, ಡಂಗುರದಾಂವ."

ಸಾಹೇಬ್ರು ಸಿಟ್ಟಾಗಲಿಲ್ಲ. ಹೇಳದ ಮಾತಿಗೆ ಮಷೀನ ತಮ್ಮ ಕಡಿಂದ ಒಂದಕ್ಷರ ಸೇರಿಸಿಲ್ಲ ಅಂತ ಪ್ರಾಮಾಣಿಕತಾಕ್ಕ ಮೂರಕ್ಕೂ ಪೂರಾ ಮಾರ್ಕು ಕೊಟ್ರು. ಆದ್ರ ದನಿ ಇಲ್ಲ, ಹಂಗಾಗಿ ಯವಾರ ನಡದಿಲ್ಲ. ಎತ್ತನ್ನ ಗೇಟಿನ ಒಳಗ ಕಟ್ಟಿಸಿದ್ರು.

"ಹಂಗಾರ ಅದು ಈಗ ಯಾರ ಎತ್ತು?" ಅಂತ ಉಡಚವ್ವ ಕೇಳಿದ್ಲು.

"ತೀರ್ಮಾನ ಆಗೂತನಾ ಯಾರದೂ ಅಲ್ಲರೀ ಅಮ್ಮಾರ."

"ಮೇವು ಯಾರು ಹಾಕಬೇಕು?"

"ಇಬ್ರೂ."

ಇಬ್ರೂ ಹಾಕಿದ್ರು. ಎತ್ತಿನ ತಕರಾರು ಏನೂ ಇರಲಿಲ್ಲ.

ಎರಡನೇದು ಸಾಗಾಟದ ಪರೀಕ್ಷಾ. ಮಷೀನ ಕಿಸೇದಾಗ ಹಿಡಸತಾವೋ ಇಲ್ಲೋ ನೋಡಾಕ ಒಂದು ಜೀಪು, ಒಬ್ಬ ಡ್ರೈವರ, ಒಬ್ಬ ಸಿಪಾಯಿ, ಸಾಕ್ಷಿಗೆ ನಾನು. ರಾಣೆಬೆನ್ನೂರಾಗ ಚಾ ಕುಡಿಯಾಕ ಇಳದಾಗ ಬಿಳೇದು ಸಾಹೇಬ್ರ ಕಿಸೇದಾಗಿಂದ ಜಾರಿ ಚರಂಡ್ಯಾಗ ಹೋತು. ಯಾರೂ ಹೊರದ ತಾನ ಹೋತಲ್ಲ ಅಂತ ಸಾಗಾಟದಾಗ ಅದಕ್ಕ ಫಸ್ಟ್ ನಂಬರ ಬಂತು. ಮಷೀನ ಮಾತ್ರ ಸಿಗಲಿಲ್ಲ.

ಅಲ್ಲಿಂದ ಬ್ಯಾಡಗಿಗೆ ಹೋದ್ವಿ. ಅಲ್ಲಿ ಮೆಣಸಿನಕಾಯಿ ಪ್ಯಾಟ್ಯಾಗ ಬಾಯಿ ತೆಗದ್ರ ಮಾತು ಬರೂದಿಲ್ಲ, ಸೀನು ಬರತಾವು. ನಾಲ್ಕೂ ಮಂದಿ ಸೀನಿದ್ವಿ. ಕರೇ ಮಷೀನದಾಗ ಯಾರ ಸೀನು ಯಾರದಂತ ಬಿಡಿಬಿಡಿ ಕೇಳಸ್ತು. ಸೀನಿದ ಮ್ಯಾಲ ಸಾಹೇಬ್ರು ತಮ್ಮ ದೊಡ್ಡ ಸಾಹೇಬ್ರಿಗೆ ಮೆಲ್ಲಕ ಬೈದದ್ದೂ ಕೇಳಸ್ತು. "ಕಚೇರಿಗೆ ಸಂಬಂಧಪಡದ ವಿಷಯಗಳನ್ನೂ ಗ್ರಹಿಸುವ ದೋಷವಿದೆ" ಅಂತ ಬರಕೊಂಡ್ರು. ಕೆಂಪನದರಾಗ ಎಲ್ಲಾರ ಸೀನೂ ಒಂದ ನಮೂನಿ, ಪಂಪಸೆಟ್ ಚಾಲೂ ಆದಂಗ; ಬೈದದ್ದು ಕೇಳಸಲೇ ಇಲ್ಲ. ಸಾಹೇಬ್ರ ಮಾರಿ ಮ್ಯಾಲ ಅವತ್ತ ಮೊದಲನೇ ಸಲ ನಗಿ ನೋಡಿದೆ.

ತಿರುಗಿ ಬಂದಾಗ ಹೊತ್ತು ಇಳದಿತ್ತು. ಮಾಲತೇಶಪ್ಪ ಎತ್ತಿನ ಮುಂದ ಕುಕ್ಕರಗಾಲಿಲೆ ಕುಂತು ಮುಗಲ ನೋಡತಿದ್ದ. ಗೇಟು ಹಾಕೂ ಹೊತ್ತು ಬಂದಿತ್ತು. ಅಷ್ಟರಾಗ ನನ್ನ ಜೋಡಿ ದಲಾಲ ಇಸಾಕಸಾಬ ಎದ್ದು ನಿಂತ.

"ಸಾಹೇಬ್ರ, ಭಾಗಿ ಆದವರ ದನಿ ಅಂತ ಬರದೀರಿ. ಎತ್ತಿಗಿಂತ ಹೆಚ್ಚು ಭಾಗಿ ಆದವರು ಯಾರದಾರ? ನಾವು ಸಂಜೀಕೆ ನಮ್ಮ ನಮ್ಮ ಮನಿಗೆ ಹೋಗತೇವಿ. ಮನಿ ಬದಲಾಗೂದು ಅದರದ್ದ."

ಸಾಹೇಬ್ರು ಗೇಟಿನ ಕಾಗದ ಮತ್ತೊಮ್ಮೆ ಓದಿದ್ರು. "ಎತ್ತು ಬ್ಯಾಡ ಅಂತ ಎಲ್ಲೂ ಇಲ್ಲ. ಒದರಸ್ರಿ" ಅಂದ್ರು.

ಒದರವಲ್ದು. ಹಿಂಡಿ ತೋರಿಸಿದ್ವಿ, ಬಾಲ ತಿರುವಿದ್ವಿ. ಇಸಾಕಸಾಬ ಅದರ ಕಿವ್ಯಾಗ ಏನೋ ಹೇಳಿದ. ಎತ್ತು ಮೆಲಕು ಹಾಕ್ಕೋತ ನಿಂತಿತ್ತು.

"ಇದು ಹುಟ್ಟಿದಾಗಿಂದ ಒದರಿಲ್ಲರೀ" ಅಂದ್ಲು ಉಡಚವ್ವ. "ಮನ್ಯಾಗ ಒದರಾಕ ನಮ್ಮ ಯಜಮಾನ್ರು ಇದ್ರು."

ಮಾಲತೇಶಪ್ಪ ನನ್ನ ಮಾರಿ ನೋಡಿದ. ನನ್ನ ಟಾವೆಲ್ ಕೆಳಗ ಆದ ಯವಾರ ಒಂದೂ ಕೆಟ್ಟ ದಾಖಲೆ ಇಲ್ಲ. ಎತ್ತಿನ ಹಿಂದ ಹೋಗಿ, ಟಾವೆಲ್ ತಲಿ ಮ್ಯಾಲ ಹೊತಗೊಂಡು, ಹೊಟ್ಟ್ಯಾಗಿಂದ ಒಂದು ಅಂಬಾ ತೆಗದೆ. ಪತರಾಸ ತಗಡಿನ ಮ್ಯಾಲಿನ ಪಾರಿವಾಳ ಎಲ್ಲಾ ಎದ್ದು ಹಾರಿದ್ವು. ಆ ತುದಿಗೆ ಕಟ್ಟಿದ್ದ ಆಕಳ ತಿರುಗಿ ಉತ್ತರ ಕೊಡ್ತು.

ಕರೇದು ಹಚ್ಚಿದ್ರು. ಅಂದಾನೆಪ್ಪ ಒದರಿದ್ದು, ಬಾಯಾಗ ಎಲಿ ಅಡಕಿ ಇದ್ದದ್ದು, ಇಸಾಕಸಾಬ ನಕ್ಕಿದ್ದು, ಎಲ್ಲಾ ಸ್ವಚ್ಛ. ಕರೇದು ಫೇಲಾತು.

ಕೆಂಪಂದು ಹಚ್ಚಿದ್ರು. ಖರೇ ಎತ್ತು. ಎಷ್ಟು ಖರೇ ಅಂದ್ರ, ಎತ್ತು ಸೈತ ಮೆಲಕು ನಿಲ್ಲಿಸಿ ತಿರುಗಿ ನೋಡ್ತು.

ಸಾಹೇಬ್ರು ಅಲ್ಲೇ ವರದಿ ಬರದು ಓದಿದ್ರು: "ಕೆಂಪು ಯಂತ್ರವು ಅಗ್ಗವೂ ಹಗುರವೂ ಆಗಿದ್ದು, ಮನುಷ್ಯ ಮತ್ತು ಜಾನುವಾರುಗಳ ನಡುವೆ ಭೇದವೆಣಿಸದ ಗುಣವುಳ್ಳದ್ದಾದ್ದರಿಂದ ಕಚೇರಿ ಬಳಕೆಗೆ ಅತ್ಯಂತ ಯೋಗ್ಯವೆಂದು ಅನುಮೋದಿಸಿದೆ. ಇಂದಿನ ಧ್ವನಿಯನ್ನು ನಮೂನೆಯಾಗಿ ಕಾಯ್ದಿರಿಸಲಾಗಿದೆ."

ಗೇಟು ತೆಗದ್ರು. ಮಾಲತೇಶಪ್ಪ ಎತ್ತು ಹೊಡಕೊಂಡು ಹೋದ, ಮರುದಿನ ಮುಂಜಾನೆ ಹದದಾಗ ಬಿತ್ತಿದ.

ಈಗ ನಾ ಜಾನುವಾರು ಧ್ವನಿ ಪ್ರತಿನಿಧಿ. ಆರ್ಡರ ಐತಿ, ಗೋಲ ಶಿಕ್ಕಾ ಐತಿ. ರಾಣೆಬೆನ್ನೂರ ಸಂತಿಗೆ ಜೀಪು ಬಂದು ಒಯ್ಯತೈತಿ. ಎತ್ತಿಗೆ ಒಂದು ಥರ, ಹೋರಿಗೆ ಒಂದು ಥರ, ಕರುವಿಗೆ ತೆಳ್ಳಗ. ಎಮ್ಮಿ ಕೆಲಸ ಇಸಾಕಸಾಬಗ ಕೊಡಿಸೇನಿ, ಅವನ ಗಂಟಲಾ ಅದಕ್ಕ ಲಾಯಕ್ ಐತಿ. ಧಾರಣಿ ಮೊದಲಿನಂಗ ಟಾವೆಲ್ ಕೆಳಗ.

ಬಿತ್ತಿಗಿ ಮುಗದ ಮ್ಯಾಲ ಮಾಲತೇಶಪ್ಪ ಎಳೇ ಜೋಡಿ ಕಟ್ಟಬೇಕಂತ ಆ ಎತ್ತನ್ನ ತಿರುಗಿ ಪ್ಯಾಟಿಗೆ ತಂದ. ಮನಿ ಬಿಕೋ ಅಂತೈತಿ ಅಂತ ಉಡಚವ್ವ ತಾನ ಅದನ್ನ ಕೊಳ್ಳಾಕ ಬಂದಿದ್ಲು. ಬೆರಳು ಹಿಚುಕಿ ಮುಗಿಸಿದೆ, ಒದರಾಕ ಉಸಿರು ಎಳಕೊಳ್ಳಾಕತ್ತಿದ್ದೆ. ಅಷ್ಟರಾಗ ಎತ್ತು ಉಡಚವ್ವನ್ನ ನೋಡಿ, ಹುಟ್ಟಿದಾಗಿಂದ ಒದರದ್ದು, ಪ್ಯಾಟಿ ತುಂಬ ಒದರ್ತು.

ಸಾಹೇಬ್ರು ಕೆಂಪಂದು ಹಚ್ಚಿ ಕೇಳಿದ್ರು, ನನ್ನ ನಮೂನಿ ಹಚ್ಚಿ ಕೇಳಿದ್ರು, ತಲಿ ಅಲ್ಲಾಡಿಸಿದ್ರು. "ಮಂಜೂರಾದ ಧ್ವನಿಗೆ ಹೊಂದವಲ್ದುರೀ. ಇದು ಎತ್ತಿನದಂತ ಹೇಳಾಕ ಬರೂದಿಲ್ಲ."

ಉಡಚವ್ವ ಬ್ಯಾಸರ ಮಾಡ್ಕೊಳ್ಳಲಿಲ್ಲ. "ಹೊಸದಾಗಿ ಕಲತೈತಿ, ತಪ್ಪು ಇರತಾವು. ಅಂದಾನೆಪ್ಪ, ನೀ ಹೇಳಪಾ" ಅಂದ್ಲು.

ನಾ ಹೇಳಿದೆ. ಪಾಸಾತು. ಎತ್ತು ಕಿವಿ ನೆಟ್ಟಗ ಮಾಡಿ ಪೂರಾ ಕೇಳ್ತು. ಶಾಣ್ಯಾ ಐತಿ, ಕಲೀತೈತಿ.